ಬೆಂಚು ಹೋದ ಭಾನುವಾರ

ಪಾದ್ರಿ ಹೋಲ್‌ರಾಯ್ಡರ ಗ್ರಹಚಾರ ಕೆಟ್ಟದ್ದು ಬೆಂಚುಗಳಿಂದ. ಥಾರ್ನ್‌ಬೆಕ್ ಊರಿನ ಚರ್ಚಿನಲ್ಲಿ ಅಜ್ಜ ಮುತ್ತಜ್ಜರ ಕಾಲದಿಂದ ಓಕ್ ಮರದ ಬೆಂಚುಗಳಿದ್ದವು. ಕೂತರೆ ಬೆನ್ನು ಮುರಿಯುತ್ತಿತ್ತು, ಹಾಗಾಗಿ ಪಾದ್ರಿ ಉಪದೇಶದ ಪ್ರಸಂಗ ಮಾಡುವಾಗ ಯಾರಿಗೂ ನಿದ್ದೆ ಹತ್ತುತ್ತಿರಲಿಲ್ಲ. ಹೊಸ ಕಾಲಕ್ಕೆ ಹೊಸ ಚರ್ಚು ಎಂಬ ತರಬೇತಿಗೆ ಹೋಗಿಬಂದ ಪಾದ್ರಿ ಶನಿವಾರ ಅವನ್ನೆಲ್ಲ ಎತ್ತಿಸಿ, ನೆಲದ ತುಂಬ ಬಣ್ಣಬಣ್ಣದ ಬೀನ್‌ಬ್ಯಾಗುಗಳನ್ನು, ಕೂರುವ ಮೆತ್ತನೆ ಚೀಲಗಳನ್ನು, ಹರಡಿದರು.

ಬೆಂಚುಗಳನ್ನು ಹೊತ್ತೊಯ್ದವನು ರಸ್ತೆಯಾಚೆಯ 'ಕಪ್ಪು ಟಗರು' ಪಬ್ಬಿನ ಬಾರ್ನಿ.

"ಹಳೇ ಸಾಮಾನು ಅಂದ್ರೆ ಈಗಿನ ಹುಡುಗ್ರು ಪ್ರಾಣ ಬಿಡ್ತಾರೆ ಸ್ವಾಮಿ," ಎಂದ. "ಆ ಪ್ರಸಂಗಪೀಠ, ಆ ಕಾಲಲ್ಲಿ ತುಳಿಯೋ ಹಾರ್ಮೋನಿಯಂ, ಅವೂ ಬೇಡ್ವಾ? ಕೊಟ್ಬಿಡಿ."

ಕೊಟ್ಟುಬಿಟ್ಟರು. ಯಾಕೆಂದರೆ ಭಾನುವಾರ ಬಿಷಪ್ಪರ ಕಡೆಯಿಂದ ಫೆನ್ವಿಕ್ ಮೇಡಂ ಮೊದಲ ಸಲ ತಪಾಸಣೆಗೆ ಬರುವವರಿದ್ದರು. ಎಳೆಯ ಮುಖಗಳು ಕಾಣದಿದ್ದರೆ ಚರ್ಚಿಗೆ ಬೀಗ. ಪಾದ್ರಿಗೆ ಈ ಊರು ಬಿಟ್ಟರೆ ಬೇರೆ ಊರಿಲ್ಲ, ಈ ಕೆಲಸ ಬಿಟ್ಟರೆ ಬೇರೆ ಕೆಲಸ ಬಾರದು.

ತರಬೇತಿಯಲ್ಲಿ ಕಲಿತದ್ದು ಅರ್ಧ ತಲೆಗೆ ಹೋಗಿತ್ತು, ಉಳಿದರ್ಧ ತಲೆಯ ಮೇಲಿಂದ ಹೋಗಿತ್ತು. ಈಗಿನವರಿಗೆ ಸತ್ಯ ಎಂಬುದು ಒಂದೇ ಅಲ್ಲವಂತೆ, ಅವರವರ ಸತ್ಯ ಅವರವರಿಗಂತೆ. ಪಾದ್ರಿಯಾದವನು ಉಪದೇಶ ಮಾಡದೆ ಪ್ರಶ್ನೆ ಕೇಳಬೇಕಂತೆ. ಪಾದ್ರಿಗಳ ಬಿಳಿ ಕಾಲರ್ ಕಂಡರೆ ಜನ ಹೆದರುತ್ತಾರಂತೆ. ಸರಿ, ಕಾಲರ್ ಕಳಚಿ ಹೂವಿನ ಅಂಗಿ ತೊಟ್ಟದ್ದಾಯಿತು. ಆದರೆ 'ದೇವರಿದ್ದಾನೆ' ಎಂದು ನೇರವಾಗಿ ಹೇಳಬಹುದೇ, ಅದನ್ನೂ ಪ್ರಶ್ನೆಯಾಗಿಯೇ ಕೇಳಬೇಕೇ ಎಂಬುದು ಮಾತ್ರ ಅವರಿಗೆ ಬಗೆಹರಿಯಲಿಲ್ಲ.

ಭಾನುವಾರ ಎಲ್ಲರಿಗಿಂತ ಮುಂಚೆ ಬಂದವಳು ಮುದುಕಿ ಎನಿಡಮ್ಮ, ಹಿಂದೆ ಅವಳ ಓರಗೆಯ ಹತ್ತು ಹನ್ನೆರಡು ಮಂದಿ. ಮೂರನೇ ಸಾಲಿನ ಬಲತುದಿ ಅವಳದು. ಬಿಷಪ್ಪರೇ ಬಂದು ಕೂತರೂ ಅಲ್ಲಿಂದ ಎಬ್ಬಿಸುತ್ತಿದ್ದಳು.

"ನನ್ನ ಜಾಗ ಎಲ್ಲಿ?"

"ಎಲ್ಲಿ ಬೇಕಾದ್ರೂ ಕೂತ್ಕೊಳ್ಳಿ ಎನಿಡಮ್ಮ, ಎಲ್ಲಾ ನಿಮ್ದೇ."

"ಎಲ್ಲಾ ನಂದೇ ಆದ್ರೆ ನಂದು ಯಾವ್ದು?"

ಅಷ್ಟರಲ್ಲಿ ಮುದುಕ ರಾಯ್‌ಸ್ಟನ್ ಧೈರ್ಯ ಮಾಡಿ ಹಳದಿ ಬೀನ್‌ಬ್ಯಾಗಿನ ಮೇಲೆ ಕೂತ, ಕೂತವನು ಕಾಣದಾದ. ಕೆಸರಿನಲ್ಲಿ ಹೂತ ಎಮ್ಮೆಯನ್ನು ಎಳೆಯುವಂತೆ ಪಾದ್ರಿ ಅವನನ್ನು ಎರಡೂ ಕೈ ಹಿಡಿದು ಎಳೆಯುತ್ತಿದ್ದಾಗ ಬಾಗಿಲಲ್ಲಿ ಯಾರೋ ಇಣುಕಿದಂತಾಯಿತು. ತಿರುಗಿ ನೋಡಿದರೆ ಯಾರೂ ಇಲ್ಲ.

"ಇವತ್ತು ಪ್ರಸಂಗ ಇಲ್ಲ," ಎಂದರು ಪಾದ್ರಿ ಏದುಸಿರು ಬಿಡುತ್ತ. "ದೇವರು ಅಂದ್ರೆ ಏನು ಅಂತ ನೀವೇ ಒಬ್ಬೊಬ್ಬರಾಗಿ ಹೇಳಿ."

"ಅದನ್ನ ಹೇಳೋಕಲ್ವಾ ನಿಮ್ಮನ್ನ ಇಟ್ಕೊಂಡಿರೋದು?" ಎಂದಳು ಎನಿಡಮ್ಮ.

"ನಾನು ಹೇಳ್ಬಾರ್ದು, ಅದು ಹೊಸ ಪದ್ಧತಿ."

"ಮತ್ತೆ ಇಷ್ಟು ವರ್ಷ ಹೇಳಿದ್ದು?"

"ಅದು... ಅದೂ ಒಂದು ಅಭಿಪ್ರಾಯ."

ಎನಿಡಮ್ಮ ಕೈಚೀಲ ಎತ್ತಿಕೊಂಡಳು. "ನನ್ನ ಗಂಡನ್ನ ಮಣ್ಣು ಮಾಡುವಾಗ ಮತ್ತೆ ಎದ್ದು ಬರ್ತಾನೆ ಅಂದ್ರಲ್ಲ ಪಾದ್ರಿಗಳೇ, ಅದೂ ಅಭಿಪ್ರಾಯನಾ?"

ಇಲ್ಲಮ್ಮ, ಅದು ಸತ್ಯ ಎಂದು ಪಾದ್ರಿಯ ನಾಲಿಗೆಯ ತುದಿಗೆ ಬಂದಿತ್ತು. ತರಬೇತಿ ನೆನಪಾಗಿ ನುಂಗಿಕೊಂಡರು. ನೋಡನೋಡುತ್ತ ಎಲ್ಲರೂ ಎದ್ದು ಹೊರಟರು.

"ಮಂಡಿ ನೋವು ಸ್ವಾಮಿ," ಎಂದ ರಾಯ್‌ಸ್ಟನ್ ಸಮಾಧಾನಕ್ಕೆ. "ಕೂರೋಕೊಂದು ಬೆಂಚು ಹುಡುಕ್ತೀವಿ, ಅಷ್ಟೇ."

ಪಾದ್ರಿ ಕಾಫಿ ಕಾಯಿಸಿಟ್ಟು ಕಾದರು. ಎಳೆಯರೂ ಇಲ್ಲ, ಮೇಡಮ್ಮೂ ಇಲ್ಲ. ಕಾಫಿ ಆರಿದ ಹೊತ್ತಿಗೆ ರಸ್ತೆಯಾಚೆಯಿಂದ ಹಾಡು ಕೇಳಿಸಿತು. ಅವರ ಚರ್ಚಿನದೇ ಹಾಡು, ಅವರ ಚರ್ಚಿನದೇ ಹಾರ್ಮೋನಿಯಂ. ಎದ್ದೆನೋ ಬಿದ್ದೆನೋ ಎಂದು ಓಡಿದರು.

'ಕಪ್ಪು ಟಗರಿ'ನೊಳಗೆ ಬೆಂಚುಗಳು ಸಾಲಾಗಿ ನಿಂತಿದ್ದವು. ಮೂರನೇ ಸಾಲಿನ ಬಲತುದಿಯಲ್ಲಿ ಎನಿಡಮ್ಮ ಕಣ್ಣುಮುಚ್ಚಿ ಹಾಡುತ್ತಿದ್ದಳು. ಮಧ್ಯಾಹ್ನದ ಊಟಕ್ಕೆ ಬಂದ ಎಳೆಯರು ಕೈಯಲ್ಲಿ ಗ್ಲಾಸು ಹಿಡಿದು ಗೋಡೆಯವರೆಗೂ ತುಂಬಿ, ಅವಳಿಗೆ ದನಿಗೂಡಿಸಿದ್ದರು. ಹಾಡು ಮುಗಿದೊಡನೆ ಬಾರ್ನಿ ಪ್ರಸಂಗಪೀಠ ಹತ್ತಿ, "ಕುರಿಮಾಂಸ ಯಾರ್ಯಾರಿಗೆ?" ಎಂದು ಕೂಗಿದ. ಎಲ್ಲರೂ ಕೈ ಎತ್ತಿದರು.

ಬಾಗಿಲ ಬಳಿ ಬಿಳಿ ಕಾಲರಿನ ಹೆಂಗಸೊಬ್ಬರು ಕಣ್ಣೊರೆಸಿಕೊಳ್ಳುತ್ತಿದ್ದರು. ಫೆನ್ವಿಕ್ ಮೇಡಂ!

"ಎಂಥಾ ಭಕ್ತಿ ನೋಡಿ!" ಎಂದರು ಪಾದ್ರಿಯ ಕಡೆ ತಿರುಗಿ. "ಹಳಬರು, ಹುಡುಗರು, ಊಟ, ಹಾಡು! ಇಂಥ ಚರ್ಚಿಗೆ ಬೀಗ ಹಾಕೋ ಮಾತೇ ಇಲ್ಲ. ಆ ಪೀಠದ ಮೇಲಿರೋ ನಿಮ್ಮ ಪಾದ್ರಿ ಇದಾರಲ್ಲ, ಅವರು ಕಾಲ ಅರಿತವರು."

"ಪಾದ್ರಿ ನಾನು ಮೇಡಂ! ನಮ್ಮ ಚರ್ಚು ಎದುರಿಗಿರೋದು!"

ಮೇಡಂ ಹೂವಿನ ಅಂಗಿಯನ್ನು ಮೇಲಿಂದ ಕೆಳಗೆ ನೋಡಿದರು. "ಓ, ಆ ಬೀನ್‌ಬ್ಯಾಗಿನ ಕಾಫಿ ಅಂಗಡಿಯವರಾ? ಮುದುಕರೊಬ್ಬರನ್ನ ಎಳೆದಾಡ್ತಿದ್ರಿ, ನಾನೇ ಇಣುಕಿ ನೋಡ್ದೆ. ಊರೂರಲ್ಲೂ ಇದೇ ಕತೆಯಪ್ಪ, ಒಳ್ಳೊಳ್ಳೆ ಚರ್ಚುಗಳನ್ನ ಅಂಗಡಿ ಮಾಡ್ಬಿಡ್ತೀರಿ."

"ಎನಿಡಮ್ಮಾ!" ಎಂದು ಪಾದ್ರಿ ಅಳುದನಿಯಲ್ಲಿ ಕೂಗಿದರು. "ನಾನ್ಯಾರು ಅಂತ ಇವರಿಗೆ ಸ್ವಲ್ಪ ಹೇಳಿ!"

ಎನಿಡಮ್ಮ ಕೂತಲ್ಲಿಂದಲೇ ತಿರುಗಿ ನೋಡಿದಳು. ಅವಸರವಿಲ್ಲದೆ ಕನ್ನಡಕ ಸರಿಮಾಡಿಕೊಂಡಳು.

"ಇವರು ಪಾದ್ರಿ ಅಂತ ಒಂದು ಅಭಿಪ್ರಾಯ ಇದೆ ಮೇಡಂ," ಎಂದಳು.

ಹೋಲ್‌ರಾಯ್ಡರು ಕೂರಲು ಜಾಗ ಹುಡುಕಿದರು. ಬೆಂಚುಗಳೆಲ್ಲ ತುಂಬಿದ್ದವು.