ಎಗೋನನ ಹಿಮಗುಲಾಬಿ ಗೆದ್ದದ್ದು

ಇಷ್ಟಕ್ಕೆಲ್ಲ ಕಾರಣ ಒಂದು ಚಕ್ರ. ನಮ್ಮ ಸ್ಯಾಕ್ಸನಿಯ ಬೆಟ್ಟದೂರಿನ ತೋಟಗಾರರ ಸಂಘದ ಅಧ್ಯಕ್ಷ ಲೋಥರನಿಗೆ ಅರವತ್ತು ತುಂಬಿದಾಗ ಅವನ ಹೆಂಡತಿ ನೆಲ ಅಳೆಯುವ ಚಕ್ರವೊಂದನ್ನು ಉಡುಗೊರೆ ಕೊಟ್ಟಳು. ಉದ್ದನೆಯ ಹಿಡಿ, ತುದಿಗೊಂದು ಗಾಲಿ. ನೂಕಿಕೊಂಡು ನಡೆದರೆ ಎಷ್ಟು ಮೀಟರ್ ಆಯಿತೆಂದು ಅದೇ ಹೇಳುತ್ತದೆ. ಕಾಲುದಾರಿ, ಹುಲ್ಲುಹಾಸು, ಗೊಬ್ಬರದ ಗುಂಡಿ ಎಲ್ಲವನ್ನೂ ಅಳೆದು ಮುಗಿಸಿದ ಲೋಥರನಿಗೆ ಇನ್ನೇನು ಅಳೆಯಲಿ ಎಂದು ಕೈ ತುರಿಸತೊಡಗಿತು. ಆಗ ನೆನಪಾದದ್ದು ಸಂಘದ ಹಳೆಯ ನಿಯಮ: ಪ್ರತಿ ತೋಟದ ಮೂರರಲ್ಲೊಂದು ಪಾಲಿನಲ್ಲಿ ತರಕಾರಿಯೋ ಹಣ್ಣೋ ಬೆಳೆಯಲೇಬೇಕು. ತೋಟಗಳೆಲ್ಲ ಸಂಘದಿಂದ ಗುತ್ತಿಗೆಗೆ ಪಡೆದ ತುಂಡುನೆಲ; ತಪ್ಪಿದವನ ಗುತ್ತಿಗೆ ರದ್ದು.

ಲಿಫ್ಟ್ ರಿಪೇರಿ ಮಾಡಿ ನಿವೃತ್ತನಾದ ಎಗೋನ್ ವೋಗ್ಲರನ ತೋಟದಲ್ಲಿ ತರಕಾರಿ, ಹಣ್ಣು ಎಂದರೆ ಒಂದು ಬಡಕಲು ನೆಲ್ಲಿಪೊದೆ, ಅಷ್ಟೆ. ಉಳಿದ ನೆಲವೆಲ್ಲ ಹಿಮಗುಲಾಬಿ. ಪುಸ್ತಕದವರು ಅದಕ್ಕೆ ಹೆಲೆಬೋರ್ ಎನ್ನುತ್ತಾರೆ. ಮಿಕ್ಕ ಗಿಡಗಳು ಹಿಮದಡಿ ಮುದುಡಿ ಮಲಗಿರುವಾಗ ಇದೊಂದು ತಲೆ ಎತ್ತಿ ಹೂ ಬಿಡುತ್ತದೆ. ತಲೆ ಎತ್ತುತ್ತದೆ ಎನ್ನುವುದೂ ತಪ್ಪೇ, ಹೊಸ ಸೊಸೆಯ ಹಾಗೆ ಮುಖ ತಗ್ಗಿಸಿಕೊಂಡೇ ಇರುತ್ತದೆ. ನೋಡಬೇಕೆಂದರೆ ಕೆಸರಿನಲ್ಲಿ ಮಂಡಿಯೂರಬೇಕು.

ನಲವತ್ತೊಂದು ಗಿಡಗಳನ್ನೂ ಎಗೋನ್ ಬೀಜದಿಂದಲೇ ಬೆಳೆಸಿದ್ದ. ಬೀಜ ನೆಲಕ್ಕೆ ಬಿದ್ದರೆ ಇರುವೆ ಹೊತ್ತೊಯ್ಯುತ್ತದೆಂದು ಹೆಂಡತಿಯ ಹಳೆ ಕಾಲ್ಚೀಲ ಕತ್ತರಿಸಿ ಕಾಯಿಗಳಿಗೆ ಚೀಲ ಕಟ್ಟುತ್ತಿದ್ದ. ಜೂನ್‌ನಲ್ಲಿ ಬೀಜ ಒಣಗುವ ಮೊದಲೇ ಬಿತ್ತಬೇಕು; ಅದು ಬೇಸಿಗೆಯ ಬಿಸಿ ಉಂಡು, ಚಳಿಗಾಲದ ಹಿಮ ಉಂಡು, ಮನಸ್ಸು ಬಂದರೆ ಮೊಳೆಯುತ್ತದೆ. ಮೊದಲ ಹೂವಿಗೆ ಮೂರು ನಾಲ್ಕು ವರ್ಷ. ಬರುವ ಹೂ ತಾಯಿಯ ಬಣ್ಣದ್ದಾಗಿರುವುದಂತೂ ಅಪರೂಪ. ಕಪ್ಪು ಹೂವಿಗೂ ಹಳದಿ ಹೂವಿಗೂ ಕುಂಚದಿಂದ ಮದುವೆ ಮಾಡಿಸಿ ಹುಟ್ಟಿಸಿದ ಹದಿನೇಳನೇ ನಂಬರಿನ ಗಿಡ ಎಲ್ಲಕ್ಕಿಂತ ಚಿಕ್ಕದು, ಎಲ್ಲಕ್ಕಿಂತ ಮುದ್ದಿನದು. ನಾಲ್ಕು ವರ್ಷದ ಮೇಲೆ ಅದರಲ್ಲಿ ಒಂದೇ ಒಂದು ಮೊಗ್ಗು ಬಂದಿತ್ತು. ಒಳಗೆ ಯಾವ ಬಣ್ಣವಿದೆಯೋ ಎಂಬ ಯೋಚನೆಯಲ್ಲಿ ಎಗೋನನಿಗೆ ವಾರದಿಂದ ಊಟ ಸೇರುತ್ತಿರಲಿಲ್ಲ.

ಮಾರ್ಚ್ ತಿಂಗಳ ಆ ಶನಿವಾರ ಬೆಳಿಗ್ಗೆ ಎಂಟಕ್ಕೆ ಚಕ್ರ ಅವನ ಗೇಟಿನ ಮುಂದೆ ಬಂದು ನಿಂತಿತು. ಹಿಂದೆ ಲೋಥರ್.

"ವೋಗ್ಲರ್ ಅವರೇ, ನೀವು ನಿಯಮ ಓದಿದ್ದೀರಾ?"

ಆ 'ನೀವು' ಕೇಳಿ ಎಗೋನ್ ಬೆಚ್ಚಿದ. ಬಿಯರ್ ಲೋಟ ತಾಗಿಸಿ ಪರಸ್ಪರ 'ನೀನು' ಎಂದುಕೊಂಡು ಹತ್ತೊಂಬತ್ತು ವರ್ಷವಾಗಿತ್ತು. ನಮ್ಮಲ್ಲಿ ಒಮ್ಮೆ 'ನೀನು' ಆದವನು ಮತ್ತೆ 'ನೀವು' ಆಗುವುದು ಕೋರ್ಟಿನ ಮೆಟ್ಟಿಲು ಹತ್ತುವಾಗ ಮಾತ್ರ.

"ಲೋಥರ್, ಏನೋ ಇದು ಹೊಸದಾಗಿ…"

"ಹನ್ನೊಂದು ಗಂಟೆಗೆ ನಗರದ ತೋಟಗಾರರ ಒಕ್ಕೂಟದಿಂದ ಡಾಕ್ಟರ್ ಅನ್ಸೆಲ್ ಮೇಡಂ ತಪಾಸಣೆಗೆ ಬರ್ತಾರೆ. ಮೂರರಲ್ಲೊಂದು ಪಾಲು ತರಕಾರಿ ಕಾಣ್ಲಿಲ್ಲ ಅಂದ್ರೆ ಸೋಮವಾರದೊಳಗೆ ನೀವು ಜಾಗ ಖಾಲಿ ಮಾಡ್ಬೇಕಾಗುತ್ತೆ."

ಚಕ್ರ ಕಿರುಗುಟ್ಟುತ್ತ ಮುಂದೆ ಹೋಯಿತು. ಎಗೋನ್ ಹದಿನೇಳನೇ ನಂಬರಿನ ಕಡೆ ನೋಡಿದ. ಮೊಗ್ಗು ಬಿರಿಯುವುದರಲ್ಲಿತ್ತು. ಈಗ ಕಿತ್ತು ಎಲ್ಲಿಗೆ ಹೊತ್ತುಕೊಂಡು ಹೋಗುವುದು? ಅವನ ಮನೆ ನಾಲ್ಕನೇ ಮಹಡಿಯಲ್ಲಿ, ಅಂಗೈಯಗಲದ ಬಾಲ್ಕನಿ ಕೂಡ ಇಲ್ಲ.

ಹತ್ತೇ ನಿಮಿಷದಲ್ಲಿ ಸೈಕಲ್ ಹತ್ತಿ ಸಂತೆಗೆ ಓಡಿದ. ಮಾರ್ಚ್‌ನಲ್ಲಿ ನೆಲದ ಮೇಲೆ ನಿಂತಿರಬಹುದಾದ ತರಕಾರಿ ಎಂದರೆ ಲೀಕ್, ಆ ಮಣಿಕಟ್ಟಿನ ದಪ್ಪದ ಉದ್ದನೆಯ ಈರುಳ್ಳಿ. ಇದ್ದ ನಲವತ್ತೆಂಟನ್ನೂ ಬಾಚಿಕೊಂಡು ಬಂದು, ಗೂಟದಿಂದ ತೂತು ಮಾಡಿ, ಹಿಮಗುಲಾಬಿಗಳ ನಡುನಡುವೆ ಒಂದೊಂದಾಗಿ ಚುಚ್ಚತೊಡಗಿದ.

ಬೇಲಿಯ ಮೇಲೆ ಪಕ್ಕದ ತೋಟದ ಟ್ರೌಡೆಲಮ್ಮನ ತಲೆ ಕಾಣಿಸಿತು. "ಎಗೋನ್, ಅಂಗಡಿ ಲೀಕ್‌ಗೆ ಸಮಾಧಿ ಕಟ್ತಿದ್ದೀಯಾ?"

"ಶ್! ಮೆಲ್ಲಗೆ ಅಕ್ಕಾ, ನಿನ್ನ ದಮ್ಮಯ್ಯ."

ವಿಷಯ ಕೇಳಿ ಟ್ರೌಡೆಲಮ್ಮನ ಕರುಳು ಚುರ್ರೆಂದಿತು. ಯಾರಿಗೂ ಹೇಳುವುದಿಲ್ಲವೆಂದು ಆಣೆಯಿಟ್ಟಳು. ಅರ್ಧ ಗಂಟೆಯಲ್ಲಿ, ಒಂದು ಕಾಲದಲ್ಲಿ ಟ್ರಾಮ್ ಓಡಿಸುತ್ತಿದ್ದ ಆಚೆ ತೋಟದ ರೂಡಿಗರ್ ಕೈತುಂಬ ಸಹಾಯ ಹಿಡಿದು ಬಂದ. ಎಗೋನ್ ಬೆನ್ನು ನೆಟ್ಟಗೆ ಮಾಡಿ ತಿರುಗುವಷ್ಟರಲ್ಲಿ ನೆಲ್ಲಿಪೊದೆಯ ತುಂಬ ಕೆಂಪು ಟೊಮೆಟೋ ತೂಗಾಡುತ್ತಿದ್ದವು, ದಾರ ಕಟ್ಟಿಕೊಂಡು.

"ಮಾರ್ಚ್‌ನಲ್ಲಿ ಟೊಮೆಟೋನಾ? ಹಿಮ ಇನ್ನೂ ಕರಗಿಲ್ಲ ಕಣಯ್ಯಾ!"

"ಬಣ್ಣ ಇರ್ಲಿ ಅಂತ ಕಟ್ಟಿದೆ," ಎಂದ ರೂಡಿಗರ್ ನೊಂದುಕೊಂಡು. "ಸೌತೆಕಾಯಿನೂ ತಂದಿದ್ದೀನಿ. ಅದನ್ನ ನಿಲ್ಸೋದಾ, ಮಲಗ್ಸೋದಾ?"

ಎಗೋನ್ ಟೊಮೆಟೋ ಕಿತ್ತು ತನ್ನ ಜೇಬಿಗೆ, ಸೌತೆಕಾಯಿ ರೂಡಿಗರನ ಕೋಟಿನೊಳಗೆ ತುರುಕುವಷ್ಟರಲ್ಲಿ ಹನ್ನೊಂದು ಹೊಡೆಯಿತು. ಗೇಟಿನಲ್ಲಿ ಚಕ್ರ, ಅದರ ಹಿಂದೆ ಲೋಥರ್, ಅವನ ಹಿಂದೆ ದಪ್ಪ ಕನ್ನಡಕದ ಡಾಕ್ಟರ್ ಅನ್ಸೆಲ್. ತಮಾಷೆ ನೋಡಲು ಸಂಘಕ್ಕೆ ಸಂಘವೇ ಬೇಲಿಗೆ ಆತುಕೊಂಡಿತ್ತು.

ಲೋಥರ್ ಲೀಕ್ ಸಾಲಿನ ಸುತ್ತ ಚಕ್ರ ಉರುಳಿಸಿದ. ಇನ್ನೊಮ್ಮೆ ಉರುಳಿಸಿದ. ಅಳತೆ ಸರಿಯಾಗಿಯೇ ಇತ್ತು. ಅವನ ಮುಖ ಹುಳಿ ತಿಂದಂತಾಯಿತು. ಬಗ್ಗಿ ಒಂದು ಲೀಕ್ ಹಿಡಿದು ಎಳೆದ. ಬೆಣ್ಣೆಯೊಳಗಿಂದ ಚಾಕು ಎಳೆದಷ್ಟು ಸಲೀಸಾಗಿ ಕೈಗೆ ಬಂತು.

"ಮಣ್ಣು ನೋಡಿ ಮೇಡಂ!" ಎಂದು ಬೇಲಿಯಾಚೆಯಿಂದ ಟ್ರೌಡೆಲಮ್ಮ ಕೂಗಿದಳು. "ಎಂಥ ಹದ! ಬೆರಳು ತಾಗಿಸಿದ್ರೆ ಸಾಕು, ಬಂದ್ಬಿಡುತ್ತೆ!"

"ಬೇರೇ ಇಲ್ವಲ್ಲ ಇದಕ್ಕೆ?" ಎಂದ ಲೋಥರ್. ಅಂಗಡಿಯವನು ಬೇರನ್ನು ನುಣ್ಣಗೆ ಬೋಳಿಸಿದ್ದ.

ಡಾಕ್ಟರ್ ಅನ್ಸೆಲ್ ಕನ್ನಡಕ ಮೇಲೇರಿಸಿದರು. ಅವರ ಡಾಕ್ಟರೇಟ್ ಕಾನೂನಿನಲ್ಲಿ ಎಂಬುದು ಎಗೋನನ ಪುಣ್ಯ. "ಅದೇ ಆಶ್ಚರ್ಯ! ಇಷ್ಟು ಚೂರು ಬೇರಿಗೆ ಇಷ್ಟು ದಪ್ಪ ಕಾಂಡ! ಫೆಬ್ರವರಿ ಹಿಮಕ್ಕೆ ಊರಿನ ಲೀಕ್ ಎಲ್ಲ ಕೊಳೆತು ಹೋಯ್ತು ಕಣ್ರೀ. ನಿಮ್ಮದಕ್ಕೆ ಒಂದು ಕಲೆ ಕೂಡ ಇಲ್ಲ. ಯಾವ ತಳಿ ಇದು?"

ಎಗೋನನ ತಲೆಯಲ್ಲಿ ಇದ್ದದ್ದು ಬೆಳಗಿನ ಆ ಶನಿವಾರದ ಸಂತೆಯೊಂದೇ. "ಶ… ಶನಿವಾರ."

"ಶನಿವಾರ ತಳಿ," ಎಂದು ಅವರು ಬರೆದುಕೊಂಡರು. "ಹಿಮದಿಂದ, ಇಲಿಯಿಂದ ಹೇಗೆ ಕಾಪಾಡಿದ್ರಿ?"

ಮಾತು ಮರೆಸಲು ಎಗೋನ್ ಲೀಕ್ ನೇವರಿಸುವ ನೆಪದಲ್ಲಿ ಮಂಡಿಯೂರಿದ. ಮಂಡಿಯೂರಿದ್ದು ಹದಿನೇಳನೇ ನಂಬರಿನ ಮುಂದೆಯೇ. ಮೊಗ್ಗು ಬಿರಿದಿತ್ತು! ಮೇಲಿನಿಂದ ಬಾಡಿದೆಲೆಯಂತೆ ಕಾಣುತ್ತಿದ್ದ ಹೂವಿನ ಒಳಗೆ ಬೆಣ್ಣೆ ಹಳದಿ, ಪ್ರತಿ ಎಸಳಿಗೂ ಕಡುಗೆಂಪು ಅಂಚು, ನಡುವೆ ಕಪ್ಪುಗೆಂಪು ಉಂಗುರ. ಎಗೋನ್ ನಾಲ್ಕು ವರ್ಷ ಕನಸಿನಲ್ಲಿ ಕಂಡ ಹೂವೇ ಅದು. ಇದನ್ನು ಉಳಿಸಿಕೊಳ್ಳಲು ಅವನು ಎಂಥ ಸುಳ್ಳಿಗೂ ತಯಾರಾದ.

"ಎಲ್ಲ ಈ ಹಿಮಗುಲಾಬಿಯ ದಯೆ ಮೇಡಂ," ಎಂದ, ಕಣ್ಣು ಒರೆಸಿಕೊಳ್ಳುತ್ತ. "ಇದರ ಬೇರು ವಿಷ. ಇಲಿ ಹತ್ರ ಸುಳಿಯಲ್ಲ. ಇದು ಪಕ್ಕದಲ್ಲಿದ್ರೆ ಲೀಕ್‌ಗೆ ಚಳಿನೂ ತಾಗಲ್ಲ. ಹೂವಿಗೋಸ್ಕರ ಯಾರು ಬೆಳೀತಾರೆ? ಇವೆಲ್ಲ ಲೀಕ್ ಕಾವಲಿಗೆ!"

ಡಾಕ್ಟರ್ ಅನ್ಸೆಲ್ ಅವನ ಕಣ್ಣೀರು ನೋಡಿ ಕರಗಿಹೋದರು. "ತರಕಾರಿ ಮೇಲೆ ಇಷ್ಟು ಪ್ರೀತಿ ಇರೋವ್ರನ್ನ ನಾನು ಕಂಡೇ ಇಲ್ಲ," ಎಂದು ಕೈ ಹಿಡಿದು ಎಬ್ಬಿಸಿ, ಈ ವರ್ಷದ ಅತ್ಯುತ್ತಮ ತರಕಾರಿ ತೋಟದ ಬಹುಮಾನದ ಬಟ್ಟಲನ್ನು ಕಾರಿನಿಂದ ತರಿಸಿ ಅಲ್ಲೇ ಅವನ ಕೈಗಿತ್ತರು. ಬೇಲಿಯುದ್ದಕ್ಕೂ ಚಪ್ಪಾಳೆ. ರೂಡಿಗರ್ ಸೌತೆಕಾಯಿ ಮೇಲಕ್ಕೆತ್ತಿ ಜಯಕಾರ ಹಾಕಿದ. ಲೋಥರ್ ಚಕ್ರ ಎಸೆದು ಓಡಿಬಂದು ಅಪ್ಪಿಕೊಂಡ.

"ನೀನು ಮೊದ್ಲೇ ಹೇಳ್ಬಾರ್ದೇನೋ, ಎಗೋನಾ! ನಾನು ಬರೀ ಹೂವು ಅಂದ್ಕೊಂಡಿದ್ನಲ್ಲೋ!"

ಎಗೋನನಿಗೆ ಭೂಮಿಯ ಮೇಲೆ ಕಾಲು ನಿಲ್ಲಲಿಲ್ಲ. ಜೀವಮಾನದಲ್ಲಿ ಅವನು ಗೆದ್ದ ಮೊದಲ ಬಹುಮಾನ ಅದು. ಅದಕ್ಕಿಂತ ಹೆಚ್ಚಾಗಿ, ಗೇಟು ತೆರೆದು ಒಳಗೆ ನುಗ್ಗಿದ ಜನವೆಲ್ಲ ಕೆಸರಿನಲ್ಲಿ ಮಂಡಿಯೂರಿ ಹೂವಿನ ಗಲ್ಲ ಹಿಡಿದೆತ್ತಿ ನೋಡುತ್ತಿದ್ದರು. ಇಷ್ಟು ವರ್ಷ ಇಣುಕಿಯೂ ನೋಡದವರು! ಎಗೋನ್ ಹಿಗ್ಗಿ, ಬೀಜ ಯಾವಾಗ ಬಿತ್ತಬೇಕು, ಕಾಲ್ಚೀಲ ಹೇಗೆ ಕಟ್ಟಬೇಕು ಎಂದೆಲ್ಲ ಬಾಯಿತುಂಬ ಹೇಳಿದ.

"ನಾಲ್ಕು ವರ್ಷ ಯಾರು ಕಾಯ್ತಾರೆ?" ಎಂದ ಲೋಥರ್. "ಲೆಕ್ಕ ಹಾಕ್ದೆ. ಇಲ್ಲಿ ಗಿಡ ನಲವತ್ತೊಂದು. ನಿನ್ನದು ಬಿಟ್ರೆ ಸಂಘದಲ್ಲಿ ತೋಟ ನಲವತ್ತು. ತಲಾ ಒಂದು! ಎಲ್ಲರ ಲೀಕೂ ಕಾಯ್ಲಿ! ತಗೊಳ್ರಪ್ಪಾ ಗುದ್ದಲಿ!"

"ಲೋಥರ್, ಬೇಡ ಕಣೋ, ಹೂ ಬಿಟ್ಟಾಗ ಕಿತ್ರೆ ಅವು ಮುನಿಸ್ಕೊಳ್ತವೆ…"

"ಮುನಿಸ್ಕೊಳ್ಲಿ ಬಿಡು, ಹೂವು ಯಾರಿಗೆ ಬೇಕು? ನೀನೇ ಹೇಳ್ದೆಯಲ್ಲ!"

ಹೌದು, ಅವನೇ ಹೇಳಿದ್ದ. ಅಲ್ಲವೆಂದರೆ ಬಟ್ಟಲೂ ಹೋಗುತ್ತದೆ, ತೋಟವೂ ಹೋಗುತ್ತದೆ. ಎಗೋನ್ ಬಟ್ಟಲನ್ನು ಎದೆಗೆ ಒತ್ತಿಕೊಂಡು ನಗುತ್ತ ನಿಂತ. ಟ್ರೌಡೆಲಮ್ಮ ಬಿಳಿಯದನ್ನು ಒಯ್ದಳು, ರೂಡಿಗರ್ ಚುಕ್ಕೆಯದನ್ನು, ಲೋಥರ್ ಎಲ್ಲಕ್ಕಿಂತ ದೊಡ್ಡ ಕಪ್ಪು ಹೂವಿನದನ್ನು. ಒಬ್ಬೊಬ್ಬರೂ ಹೋಗುವಾಗ ಅವನ ಬೆನ್ನು ತಟ್ಟಿ ಹೋದರು. ತೋಟದಲ್ಲಿ ಕೊನೆಗೆ ಲೀಕ್ ಸಾಲುಗಳೂ ಹದಿನೇಳನೇ ನಂಬರೂ ಮಾತ್ರ ಉಳಿದವು. ಎಗೋನ್ ಮೆಲ್ಲಗೆ ಸರಿದು ತನ್ನ ಕೋಟಿನ ಮರೆ ಮಾಡಿ ಅದರ ಮುಂದೆ ನಿಂತ.

"ನನಗೆ ದೊಡ್ಡದೇನೂ ಬೇಡಪ್ಪ," ಎಂದರು ಡಾಕ್ಟರ್ ಅನ್ಸೆಲ್, ಸಂಕೋಚದಿಂದ. "ನಿಮ್ಮ ಕಾಲ ಹತ್ರ ಇರೋ ಆ ಬಡಪಾಯಿ ಗಿಡ ಸಾಕು."

ಎಗೋನ್ ತಾನೇ ಮಂಡಿಯೂರಿ, ಬೇರಿಗೆ ನೋವಾಗದಂತೆ ಮಣ್ಣಿನ ಸಮೇತ ಎತ್ತಿ, ಹಳೆಯ ಪತ್ರಿಕೆಯಲ್ಲಿ ಸುತ್ತಿದ. ಕೊನೆಯ ಸಲ ಆ ಹಳದಿ ಮುಖ ನೋಡಿದ. "ಮೇಡಂ, ಜೂನ್‌ನಲ್ಲಿ ಇದರ ಕಾಯಿ ಬಲಿಯುತ್ತೆ. ಬೀಜ ಒಂದೆರಡು ನನಗೆ ಕಳ್ಸಿದ್ರೆ…"

"ಬೀಜಾನಾ?" ಎಂದು ಡಾಕ್ಟರ್ ಅನ್ಸೆಲ್ ಗಿಡ ಕೈಗೆ ತೆಗೆದುಕೊಂಡು, ಆ ಒಂದೇ ಹೂವನ್ನು ಎರಡು ಬೆರಳಲ್ಲಿ ಚಿವುಟಿ ಬೇಲಿಯಾಚೆ ಎಸೆದರು. "ಚಿಂತೆ ಬೇಡ ವೋಗ್ಲರ್ ಅವರೇ. ಹೂವು, ಬೀಜ ಅಂತ ಶಕ್ತಿ ಹಾಳಾಗೋಕೆ ನಾನು ಬಿಡೋದೇ ಇಲ್ಲ. ಪೂರ್ತಿ ಲೀಕ್ ಕಾಯ್ಲಿ!"

ಸಂಘದವರೆಲ್ಲ ಇನ್ನೊಮ್ಮೆ ಜಯಕಾರ ಹಾಕಿದರು. ಎಗೋನ್ ಬಟ್ಟಲನ್ನು ತಲೆಯ ಮೇಲಕ್ಕೆ ಎತ್ತಿ ಹಿಡಿದ.