ಭಾಂಡುಪ್‌ಗೆ ಬಂದ ನೇರ ರಸ್ತೆ

ನೆಂಟರ ಕಾಟಕ್ಕೆ ದೂರವೇ ಮದ್ದು ಎಂಬ ಮಹಾಸಿದ್ಧಾಂತವನ್ನು ಮುರಿಗೆಪ್ಪ ಕಂಡುಹಿಡಿದದ್ದು ಮಹಾನಗರದ ನಡುವಿನ ಗಿರಗಾಂವದ ಚಾಳಿನಲ್ಲಿ. ಹೆಂಡತಿ ಚಂದ್ರವ್ವನ ಸೋದರಮಾವ ಶಂಕ್ರೆಪ್ಪನವರು ಬಟ್ಟೆ ಖರೀದಿಗೆಂದು ಧಾರವಾಡದಿಂದ ಆಗಾಗ ಬರುತ್ತಿದ್ದರು. ಎರಡು ಕಪ್ ಚಹಾ ಕುಡಿದು, ಮುರಿಗೆಪ್ಪನ ಮಂಚದ ಮೇಲೆ ಒಂದು ನಿದ್ದೆ ತೆಗೆದು, ಸಂಜೆಯ ಗಾಡಿ ಹಿಡಿಯುತ್ತಿದ್ದರು. ಅಷ್ಟಕ್ಕೇ ರೋಸಿಹೋದ ಆಸಾಮಿ ೧೯೫೪ರಲ್ಲಿ ಊರಂಚಿನ ಭಾಂಡುಪ್‌ಗೆ ಸಂಸಾರ ಸಾಗಿಸಿದ. ಅಲ್ಲಿಂದ ಸ್ಟೇಷನ್ ಕಣ್ಣಿಗೆ ಕಾಣುತ್ತಿತ್ತು, ಕಾಲಿಗೆ ಸಿಗುತ್ತಿರಲಿಲ್ಲ. ನಡುವೆ ಕಾರ್ಖಾನೆಯ ಗೋಡೆ. ಅದನ್ನು ಸುತ್ತಲು ಒಂದೂವರೆ ಮೈಲಿ ಕೆಸರು.

"ಇನ್ನ ಯಾರ ಬರತಾರ ನೋಡೂಣು," ಎಂದು ಮಂಚದ ಮೇಲೆ ಕಾಲು ಚಾಚಿದ.

ಶಂಕ್ರೆಪ್ಪನವರು ಬಂದರು. ಮೊಣಕಾಲುದ್ದ ಕೆಸರಿನ ಸಮೇತ ಬಂದು ಅದೇ ಮಂಚದ ಮೇಲೆ ಕುಸಿದರು.

"ಈ ಹಾದಿ ಲಗೂನ ಮತ್ತ ತುಳಿಯೂದು ನನ್ನ ಕೈಲೆ ಆಗೂದಿಲ್ಲವ್ವಾ ಚಂದ್ರಾ. ನಾಕ ದಿನಾ ಇದ್ದ ಹೋಗತೀನಿ."

ಹದಿನೇಳು ದಿನ ಇದ್ದರು. ಮುರಿಗೆಪ್ಪ ಅಡುಗೆಮನೆಯಲ್ಲಿ ಚಾಪೆ ಹಾಸಿಕೊಂಡ. (ಬಂದ ನೆಂಟರನ್ನು ಯಾವಾಗ ಹೊರಡುತ್ತೀರಿ ಎಂದು ಕೇಳುವುದು ಆ ಕಡೆಯವರಲ್ಲಿ ಕೊಲೆಗಿಂತ ಒಂದು ಗುಂಜಿ ಹೆಚ್ಚಿನ ಪಾಪ.)

"ಅಡವ್ಯಾಗ ಮನಿ ಮಾಡಿದವರು ನೀವು. ಬಂದವರು ಹಾರಿ ಹೋಗಬೇಕೇನ್ರಿ?" ಎಂದು ಚಂದ್ರವ್ವ ರೊಟ್ಟಿ ಬಡಿಯುತ್ತ ಗದರಿದಳು.

ಮುರಿಗೆಪ್ಪನಿಗೆ ಜ್ಞಾನೋದಯವಾಯಿತು. ಹಾದಿ ಇಲ್ಲದ್ದಕ್ಕೇ ನೆಂಟರು ಬೀಡುಬಿಡುತ್ತಾರೆ! ಗೋಡೆ ಒಡೆದು ನೇರ ರಸ್ತೆ ಮಾಡಿಸಿಯೇ ತೀರುವೆನೆಂದು ಮನೆಮನೆ ತಿರುಗಿ ಸಹಿ ಹಾಕಿಸಿದ, ಎರಡು ವರ್ಷ ಮುನಸಿಪಾಲ್ಟಿಯ ಮೆಟ್ಟಿಲು ಸವೆಸಿದ. ಕೊನೆಗೂ ಗೋಡೆ ಬಿತ್ತು, ಡಾಂಬರು ಬಿತ್ತು, ಸ್ಟೇಷನ್ ಏಳು ನಿಮಿಷಕ್ಕೆ ಬಂತು. ಅವನ ಹಿಗ್ಗು ಹೇಳತೀರದು.

ಮುಂದಿನ ಸಲ ಶಂಕ್ರೆಪ್ಪನವರನ್ನು ತಾನೇ ಸ್ಟೇಷನ್‌ಗೆ ಹೋಗಿ ಕರೆತಂದ.

"ನೋಡ್ರಿ ಮಾವಾರ, ಇನ್ನ ಮುಂಜಾನೆ ಬಂದು ಸಂಜೀಕ ಆರಾಮ ಹೋಗಬಹುದು!"

ಶಂಕ್ರೆಪ್ಪನವರು ನಡುರಸ್ತೆಯಲ್ಲಿ ನಿಂತು ಸ್ಟೇಷನ್ ನೋಡಿದರು, ಮನೆ ನೋಡಿದರು, ಮನೆಯ ಪಕ್ಕದ ಖಾಲಿ ಜಾಗವನ್ನೂ ನೋಡಿದರು. ಪೇಟೆಗೆ ಹೋದವರು ಸಂಜೆ ಪೇಡೆಯ ಪೊಟ್ಟಣ ಹಿಡಿದು ಬಂದರು.

"ಅಳಿಯಾರ, ಇಷ್ಟ ಚೊಲೋ ರಸ್ತಾ ಆದಮ್ಯಾಲ ಧಾರವಾಡದಾಗ ಕುಂತ ಏನ ಮಾಡ್ಲಿ? ನಿಮ್ಮ ಬಾಜೂ ಪ್ಲಾಟ್ ಮಾತಾಡಿ ಬಂದೆ. ಅಂಗಡೀನೂ ಇಲ್ಲೇ ತಗೀತೀನಿ. ಮುಂದಿನ ವಾರ ನಿಮ್ಮ ಅತ್ತೀ, ಹುಡುಗರು ಎಲ್ಲಾರೂ ಬರತಾರ."

"ಮತ್ತ... ಮನಿ?" ಮುರಿಗೆಪ್ಪ ಬಾಯಿಗೆ ಹಾಕಬೇಕಿದ್ದ ಪೇಡೆಯನ್ನು ಪೊಟ್ಟಣಕ್ಕೆ ಮರಳಿಸಿದ.

"ಕಟ್ಟಿ ಮುಗಿಯೂತನಾ ನಿಮ್ಮಲ್ಲೇ! ನಾವೇನ ಹೊರಗಿನವರೇನು?"

ಮುರಿಗೆಪ್ಪ ದಿಕ್ಕುಗೆಟ್ಟು ಹೆಂಡತಿಯ ಮುಖ ನೋಡಿದ. ಅವಳ ಮುಖ ಅರಳಿತ್ತು.

"ರೀ, ನಾಳೆ ಇನ್ನೂ ಮೂರು ಮಂಚಾ ತರ್ರಿ," ಎಂದಳು. "ಹೆಂಗೂ ಈಗ ಕೈಗಾಡಿ ಬಾಗಲತನಾ ಬರತೈತಿ."