ಕಮಲಾಪುರದ ಹೋತ ಸಾಹೇಬರಿಗೆ, ಒಂದು ಧೋತರದ ವಿಷಯವಾಗಿ

ಸ್ಟೇಶನ್ ಬಜಾರ, ಕಲಬುರ್ಗಿ

ಕಮಲಾಪುರದ ಬಾಳೆತೋಟಗಳಿಗೆಲ್ಲ ಹಗಲು ಗಸ್ತು ತಿರುಗುವವರೂ, ಇಮಾಮುದ್ದೀನ್ ಸಾಹೇಬರ ದೊಡ್ಡಿಗೆ ಭೂಷಣಪ್ರಾಯರೂ, ಎದೆಯವರೆಗೆ ಗಡ್ಡ ಬಿಟ್ಟ ಹಿರಿಯರೂ ಆದ ಜಮಾದಾರ ಎಂಬ ಹೆಸರಿನ ಹೋತ ಸಾಹೇಬರ ನಾಲ್ಕೂ ಪಾದಗಳಿಗೆ ಬಟ್ಟೆ ಅಂಗಡಿಯ ನೀಲಕಂಠನ ಅನಂತ ಸಲಾಮುಗಳು.

ಮಾನ್ಯರೇ,

ತಾವು ಕ್ಷೇಮವೆಂದು ನಂಬಿದ್ದೇನೆ. ನನ್ನ ಹೊಸ ಧೋತರ ತಮ್ಮ ಹೊಟ್ಟೆಯಲ್ಲಿ ಸುಖವಾಗಿ ಕರಗಿರಬೇಕೆಂದೂ ನಂಬಿದ್ದೇನೆ. ಈ ಪತ್ರವನ್ನು ನೇರವಾಗಿ ತಮ್ಮ ಕೈಗೆ ಕಳಿಸಬಹುದಿತ್ತು. ಆದರೆ ತಾವು ಓದುವ ಮೊದಲೇ ತಿಂದುಬಿಡುವ ಸಂಭವವಿರುವುದರಿಂದ, ನಮ್ಮ ಅಂಗಡಿಯ ಬಾಗಿಲಿಗೆ, ತಮ್ಮ ಮುಂಗಾಲು ಎಟುಕದ ಎತ್ತರದಲ್ಲಿ ಮೊಳೆ ಹೊಡೆದು ಹಾಕಿದ್ದೇನೆ. ಹೋಗಿಬರುವ ಮಹಾಜನರೂ ಓದಲಿ, ಮರೆಮಾಚುವುದಕ್ಕೆ ನನ್ನ ಬಳಿ ಈಗ ಏನೂ ಉಳಿದಿಲ್ಲ.

ತಮಗೆ ನೆನಪಿರಬಹುದು, ಹೋದ ಹುಣ್ಣಿಮೆಯ ಮರುದಿನ ನಾನು ನಮ್ಮ ಕಾಕಾ ದೇವೀಂದ್ರಪ್ಪನವರ ಜೊತೆ ಬಂಡಿ ಕಟ್ಟಿಸಿಕೊಂಡು ತಮ್ಮ ಊರಿಗೆ ಬಂದಿದ್ದೆ. ತೋಟದ ಮಾಣಿಕಪ್ಪನವರ ಮಗಳು ಭಾಗಮ್ಮನವರನ್ನು ನೋಡುವ ಕಾರ್ಯವಿತ್ತು. ನನಗೆ ಮೂವತ್ತು ದಾಟಿದೆ. ಹತ್ತು ಮನೆಗಳಲ್ಲಿ ಅವಲಕ್ಕಿ ತಿಂದು, ಹತ್ತು ಮನೆಗಳಿಂದಲೂ ಏನಾದರೊಂದು ನೆಪ ಕೇಳಿ ಬಂದವನು ನಾನು. ಭಾಗಮ್ಮನವರು ಹಾಸಿಗೆ ಹಿಡಿದ ತಾಯಿಯ ಸೇವೆ ಮಾಡುತ್ತ ಇಪ್ಪತ್ತೆರಡರವರೆಗೆ ಮನೆಯಲ್ಲೇ ಉಳಿದವರು. ಈ ಮನೆಯೂ ತಪ್ಪಿದರೆ ಮುಂದೆ ತಾನು ಯಾರ ಬಾಗಿಲಿಗೂ ಬರುವುದಿಲ್ಲವೆಂದು ಕಾಕಾ ಬಂಡಿ ಹತ್ತುವಾಗಲೇ ಹೇಳಿದ್ದರು. ಆದ್ದರಿಂದ ಆ ದಿನ ನನಗೆ ಎಷ್ಟು ಮುಖ್ಯವಾಗಿತ್ತೆಂಬುದನ್ನು ತಾವು ಮೆಲುಕು ಹಾಕುತ್ತಲಾದರೂ ಯೋಚಿಸಬೇಕೆಂದು ಪ್ರಾರ್ಥನೆ.

ದಾರಿಯ ಕೆಂಧೂಳು ಮೈಗೆಲ್ಲ ಮೆತ್ತಿತ್ತು. ಕಾಕಾ ಮುಂದೆ ಹೋಗಿ ಸುದ್ದಿ ಮುಟ್ಟಿಸುತ್ತೇನೆಂದರು, ನಾನು ತೋಟದ ಬಾವಿಯಲ್ಲಿ ಮೈ ತೊಳೆದುಕೊಂಡು ಬರುವುದೆಂದಾಯಿತು. ಅಂಗಿಯನ್ನೂ ಕೆಂಪು ಅಂಚಿನ ಧೋತರವನ್ನೂ ಬೇಲಿಯ ಮೇಲೆ ಹಾಕಿದೆ. ರುಮಾಲು ಮಾತ್ರ ತಲೆಯ ಮರ್ಯಾದೆ, ಅದನ್ನು ನೆಲಕ್ಕಾಗಲಿ ಬೇಲಿಗಾಗಲಿ ಸೋಕಿಸಬಾರದು ಎಂದು ಹಿರಿಯರು ಕಲಿಸಿದ್ದರಿಂದ ಬೇವಿನ ಮರದ ಎತ್ತರದ ಕೊಂಬೆಗೆ ಸಿಕ್ಕಿಸಿದೆ. ಲಂಗೋಟಿಯ ಮೇಲೆ ಬಾವಿಗಿಳಿದು, ನಾಲ್ಕು ಮುಳುಗು ಹಾಕಿ, ಮೆಟ್ಟಿಲು ಹತ್ತಿ ಬಂದರೆ ತಾವು ಊಟಕ್ಕೆ ಕುಳಿತಿದ್ದಿರಿ. ಅಂಗಿ ಆಗಲೇ ಮುಗಿದು ಒಂದು ತೋಳು ಉಳಿದಿತ್ತು. ಧೋತರದ ನಡುಭಾಗ ನಡೆದಿತ್ತು. ತಾವು ಅಂಚನ್ನು ಮಾತ್ರ ಪಕ್ಕಕ್ಕಿಟ್ಟು ಮೆತ್ತನೆಯ ಭಾಗವನ್ನು ಮೊದಲು ತಿನ್ನುತ್ತಿದ್ದ ನಾಜೂಕನ್ನು ನಾನು ಬಟ್ಟೆಯ ವ್ಯಾಪಾರಿಯಾಗಿ ಮೆಚ್ಚಲೇಬೇಕು. ಆ ಥಾನಿನ ಬಟ್ಟೆಯ ಗುಣವನ್ನು ನಮ್ಮ ಗಿರಾಕಿಗಳು ಇನ್ನೂ ಅಷ್ಟು ಬೇಗ ಗುರುತಿಸಿಲ್ಲ.

ನಾಲ್ಕು ಬೆರಳಗಲದ ಒದ್ದೆ ಲಂಗೋಟಿಯಲ್ಲಿ ಬೀಗರ ಮನೆಗೆ ಹೋಗುವ ರೂಢಿ ನಮ್ಮ ಕಡೆ ಇಲ್ಲ. ಆದ್ದರಿಂದ ರುಮಾಲನ್ನು ತಲೆಗೆ ಸುತ್ತಿ, ಎರಡು ಬಾಳೆಲೆ ಹರಿದು ನಾರಿನಿಂದ ಸೊಂಟಕ್ಕೆ ಕಟ್ಟಿಕೊಂಡು, ಸಂದಿಗೊಂದಿಯಲ್ಲಿ ಮರೆಯಾಗಿ ಹೋಗಿ ಕಾಕಾನನ್ನು ಕೂಗಿ ಕರೆಯೋಣವೆಂದು ಹೊರಟೆ. ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ಹಿಂಭಾಗಕ್ಕೆ ಗಾಳಿ ತಾಗಿತು. ತಿರುಗಿ ನೋಡಿದರೆ ತಾವು ಬಹಳ ವಿನಯದಿಂದ ನನ್ನ ಹಿಂದೆಯೇ ಬರುತ್ತಿದ್ದಿರಿ, ಬಾಯಲ್ಲಿ ಹಿಂದಿನ ಎಲೆ ಇತ್ತು. ನಾನು ಮುಂದಿನ ಎಲೆಯನ್ನು ಹಿಂದಕ್ಕೆ ಸರಿಸಿದೆ, ತಾವು ಮುಂದಕ್ಕೆ ಬಂದಿರಿ.

ಲಂಗೋಟಿ ಬಿಟ್ಟರೆ ಈಗ ಉಳಿದಿದ್ದು ಹದಿನೆಂಟು ಮೊಳದ ಒಂದು ರುಮಾಲು. ಬಟ್ಟೆ ತೆಳು ಮಲ್ಮಲ್, ಅರ್ಧ ಹರಿದು ಸುತ್ತಿಕೊಂಡರೆ ಒಳಗಿನದೆಲ್ಲ ಕನ್ನಡಿಯಂತೆ ಕಾಣುವಂಥದು. ಮಾನ ಮುಚ್ಚಬೇಕೆಂದರೆ ಹದಿನೆಂಟು ಮೊಳವೂ ಸೊಂಟಕ್ಕೇ ಬೇಕು, ಆಗ ತಲೆ ಬರಿದಾಗುತ್ತದೆ. ಹುಟ್ಟಾ ಬರಿ ಮೈಯವರಾದ ತಮಗೆ ಇದರ ಸಂಕಟ ತಿಳಿಯದು. ನಮ್ಮಲ್ಲಿ ಗಂಡಸು ಬರಿಗಾಲಲ್ಲಿ ಬರಬಹುದು, ಬರಿ ಮೈಯಲ್ಲಿ ಹೊಲದಿಂದ ಬರಬಹುದು, ಆದರೆ ಬರಿ ತಲೆಯಲ್ಲಿ ಬಂದನೆಂದರೆ ಅವನ ಮನೆಯಲ್ಲಿ ಹೆಣ ಬಿದ್ದಿದೆ ಎಂದೇ ಅರ್ಥ. ಯಾರೂ ಏನೂ ಕೇಳುವುದಿಲ್ಲ, ನೋಡಿದ ಕೂಡಲೇ ಅಳು ಶುರು. ಮೇಲೆ ಮುಚ್ಚಲೋ, ಕೆಳಗೆ ಮುಚ್ಚಲೋ ಎಂದು ನಾನು ಬಾಳೆಗಿಡಗಳ ನಡುವೆ ಬಹಳ ಹೊತ್ತು ನಿಂತೆ. ಕೊನೆಗೆ ಕೆಳಗೆ ಮುಚ್ಚಿದೆ. ಆ ಸ್ಥಿತಿಯಲ್ಲಿ ತಾವಾದರೂ ಹಾಗೇ ಮಾಡುತ್ತಿದ್ದಿರಿ.

ಮಾಣಿಕಪ್ಪನವರ ಅಂಗಳಕ್ಕೆ ನಾನು ಗುಲಾಬಿ ಬಣ್ಣದ ರುಮಾಲನ್ನು ಉಟ್ಟು, ಬರಿ ತಲೆಯಲ್ಲಿ, ನೀರು ತೊಟ್ಟಿಕ್ಕುತ್ತ ಕಾಲಿಟ್ಟೆ. ಮೊದಲು ನೋಡಿದವರು ಮಾಣಿಕಪ್ಪನವರ ತಾಯಿ ಅಂಬಮ್ಮನವರು. ಕೈಯಲ್ಲಿದ್ದ ಮೊರವನ್ನು ಕೆಳಗಿಟ್ಟು ಎದೆ ಬಡಿದುಕೊಂಡರು. ಆ ಧ್ವನಿಗೆ ಕಾಕಾ ಹೊರಗೆ ಬಂದರು, ನನ್ನ ತಲೆ ನೋಡಿದರು, ಕಲಬುರ್ಗಿಯಿಂದ ಸುದ್ದಿ ನನ್ನ ಬೆನ್ನಟ್ಟಿ ಬಂದಿದೆ, ತನ್ನ ಅಣ್ಣ, ಅಂದರೆ ನನ್ನ ಅಪ್ಪ, ತೀರಿಕೊಂಡ ಎಂದು ತಿಳಿದು ಕಂಬಕ್ಕೆ ಹಣೆ ಹಚ್ಚಿ ಅಳತೊಡಗಿದರು.

ಇನ್ನು ಮುಂದಿನದು ನನ್ನ ತಪ್ಪು, ಇದನ್ನು ತಮ್ಮ ತಲೆಗೆ ಕಟ್ಟುವುದಿಲ್ಲ. ಕಾಕಾ ಅಳುವುದನ್ನು ಕಂಡು ನಾನು, ಆ ಸುದ್ದಿ ಹುಟ್ಟಿದ್ದು ನನ್ನ ಬರಿ ತಲೆಯಿಂದಲೇ ಎಂಬುದನ್ನು ಮರೆತೆ. ನನಗಿಂತ ಮೊದಲೇ ಟಪಾಲು ಬಂದಿರಬೇಕು, ನಮ್ಮ ಅಪ್ಪ ನಿಜವಾಗಿಯೂ ಹೋದ ಎಂದುಕೊಂಡೆ. ಓಡಿಹೋಗಿ ಕಾಕಾನನ್ನು ತಬ್ಬಿ ಅತ್ತೆ. ಒಂದು ಕೈಯಲ್ಲಿ ಕಾಕಾ, ಒಂದು ಕೈಯಲ್ಲಿ ರುಮಾಲಿನ ಗಂಟು. ಇಮಾಮುದ್ದೀನ್ ಸಾಹೇಬರು ಬಂದು, ಎಂದೂ ನೋಡಿರದ ನಮ್ಮ ಅಪ್ಪನನ್ನು ಬಹಳ ನೇಕ ಮನುಷ್ಯನಾಗಿದ್ದನೆಂದು ಹೊಗಳಿದರು. ಅದೇ ಹೊತ್ತಿಗೆ ನಮ್ಮ ಅಪ್ಪ ಇಲ್ಲಿ ಅಂಗಡಿಯ ಗಾದಿಯ ಮೇಲೆ ಕುಳಿತು ಕಡಲೆ ತಿನ್ನುತ್ತಿದ್ದನಂತೆ.

ಆಗ ತಾವು ಅಂಗಳಕ್ಕೆ ದಯಮಾಡಿಸಿದಿರಿ. ಬಾಯಿಯಿಂದ ಕೆಂಪು ಅಂಚು ತೂಗುತ್ತಿತ್ತು. ಎಲ್ಲರೂ ಅಳುವುದರಲ್ಲಿ ಮಗ್ನರು, ನೋಡಿದವರು ಒಬ್ಬರೇ, ಬಾಗಿಲ ಮರೆಯಲ್ಲಿ ಶೃಂಗಾರ ಮಾಡಿಕೊಂಡು ನಿಂತಿದ್ದ ಭಾಗಮ್ಮನವರು. ನೋಡಲು ಬಂದವರೆದುರು ಹೆಣ್ಣು ಕರೆಯುವ ಮೊದಲು ಬರಬಾರದು, ಸೆರಗು ನೆತ್ತಿಯಿಂದ ಜಾರಬಾರದು. ಅವರು ಕರೆಯದೇ ಬಂದರು. ತಮ್ಮ ಗಡ್ಡ ಹಿಡಿದು ಬಾಯಿಂದ ಅಂಚನ್ನು ಎಳೆದು ಮೇಲೆತ್ತಿ ತೋರಿಸಿದರು.

"ಯಾರೂ ಸತ್ತಿಲ್ಲ ಯಪ್ಪಾ. ಇಮಾಮಣ್ಣನ ಹೋತ ಇವರ ಧೋತ್ರ ತಿಂದದ, ಅಷ್ಟೇ."

ಅಷ್ಟು ಹೇಳಿದವರಿಗೆ ನಗು ತಡೆಯಲಿಲ್ಲ. ನಕ್ಕ ಭರಕ್ಕೆ ಸೆರಗು ತಲೆಯಿಂದ ಜಾರಿತು. ಊರವರ ಎದುರು ನಾವಿಬ್ಬರೂ ಬರಿ ತಲೆಯಲ್ಲಿ ನಿಂತೆವು. ನನಗೆ ಅಪ್ಪ ಬದುಕಿದ ಸಂತೋಷ ಒಂದು ಕಡೆ, ಅವರ ನಗು ಒಂದು ಕಡೆ. ಎರಡೂ ಕೈ ಜೋಡಿಸಿದೆ. ಕೈ ಜೋಡಿಸಬಾರದಿತ್ತು. ರುಮಾಲು ಹದಿನೆಂಟು ಮೊಳವೂ ಕಾಲ ಬಳಿ ಬಿತ್ತು.

ಹನ್ನೊಂದನೆಯ ಮನೆಯೂ ಹೋಯಿತೆಂದು ನಾನು ಕಣ್ಣು ಮುಚ್ಚಿದೆ. ಮಾಣಿಕಪ್ಪನವರು ಮುಖ ತಿರುಗಿಸಿ, ಇಂಥ ಮರ್ಯಾದೆಗೇಡಿಗೆ ಮಗಳನ್ನು ಕೊಡುವ ಮಾತೇ ಇಲ್ಲ, ಬಂಡಿ ಹೂಡಿಸಿ ಎಂದರು. ಆಗ ಅಂಬಮ್ಮನವರು ಕಣ್ಣೊರೆಸಿಕೊಂಡು, ನನ್ನನ್ನು ಅಡಿಯಿಂದ ಮುಡಿಯವರೆಗೆ ನಿಧಾನವಾಗಿ ನೋಡಿ, ಮಗನಿಗೆ ಹೇಳಿದರು:

"ಬಂದವ್ರೆಲ್ಲ ಹುಡುಗಿ ನಡಿಗಿ ನೋಡ್ತಾರ, ಜಡಿ ಬಿಚ್ಚಿ ನೋಡ್ತಾರ. ಇವತ್ತ ನಾವು ಹುಡುಗನ್ನ ನೋಡೀವಿ. ಕುಂದೇನೂ ಕಾಣಲಿಲ್ಲ. ಅಪ್ಪ ಸತ್ತಾನಂದ್ರ ಹಿಂಗ ಅಳ್ತಾನ, ಇದಕ್ಕಿಂತ ಏನು ನೋಡೂದದ?"

ತಾಯಿಯ ಮಾತನ್ನು ಮಾಣಿಕಪ್ಪನವರು ಮೀರಲಿಲ್ಲ, ಹೀಗೆ ಸಂಬಂಧ ಕುದುರಿತು. ಹತ್ತು ಮನೆಗಳಲ್ಲಿ ಮೈತುಂಬ ಬಟ್ಟೆ ಹಾಕಿಕೊಂಡು ಹೋಗಿ ಆಗದ ಕೆಲಸವನ್ನು ತಾವು ಒಂದೇ ಊಟದಲ್ಲಿ ಮಾಡಿ ಮುಗಿಸಿದಿರಿ.

ಹಾಗಾದರೆ ದೂರು ಏನೆಂದು ತಾವು ಕೇಳಬಹುದು. ನಿನ್ನೆ ಬಾಳೆಗೊನೆಯ ಬಂಡಿಯವನ ಕೈಯಲ್ಲಿ ಭಾಗಮ್ಮನವರ ಮಾತು ಬಂದಿದೆ. ಇಮಾಮುದ್ದೀನ್ ಸಾಹೇಬರನ್ನು ಒಪ್ಪಿಸಿ ತಮ್ಮನ್ನು ಕೇಳಿ ಪಡೆದಿದ್ದಾರಂತೆ. ಹೋತ ಬಂದರೆ ತಾನೂ ಬರುವುದಂತೆ, ಇಲ್ಲದಿದ್ದರೆ ಇಲ್ಲವಂತೆ. ಅಂದರೆ ಧಾರೆಗೂ ಮುಂಚೆಯೇ, ಬರುವ ಸೋಮವಾರದಿಂದ ತಾವು ಇಲ್ಲಿ, ನೆಲದಿಂದ ಮಾಳಿಗೆಯವರೆಗೆ ಥಾನುಗಳೇ ತುಂಬಿದ ಬಟ್ಟೆ ಅಂಗಡಿಯಲ್ಲಿ, ವಾಸಕ್ಕೆ ಬರುತ್ತೀರಿ.

ಆದಕಾರಣ ತಮ್ಮಲ್ಲಿ ಕೈಮುಗಿದು, ಈ ಸಲ ಒಂದೇ ಕೈಯಿಂದ ಮುಗಿದು, ಬೇಡುವುದೇನೆಂದರೆ: ಧಾರೆಯ ದಿನದವರೆಗೆ ತಾವು ಉಪವಾಸ ವ್ರತ ಹಿಡಿಯಬೇಕು. ತಿಂದ ಧೋತರವನ್ನು ತಿಂದ ಅಳತೆಯಲ್ಲೇ ಮರಳಿಸಬೇಕು. ಹೈದರಾಬಾದಿನಿಂದ ಬರುವ ದೊಡ್ಡ ಹುದ್ದೆಯವರು ಕೂಡ ಬೇಸಿಗೆಯಲ್ಲಿ ಶೇರವಾನಿಯ ಗುಂಡಿಯನ್ನು ಕತ್ತಿನವರೆಗೆ ಹಾಕಿಕೊಂಡು ಬೆವರುವ ಈ ಬಜಾರಿನಲ್ಲಿ, ತಾವು ಅಷ್ಟು ಉದ್ದದ ಗಡ್ಡ ಇಟ್ಟುಕೊಂಡು ಹೆಂಗಸರ ಎದುರು ಎಲ್ಲವನ್ನೂ ತೂಗಿಸಿಕೊಂಡು ಓಡಾಡಬಾರದು. ನಮ್ಮ ಜಗಲಿಯ ದರ್ಜಿ ಮಲಂಗಸಾಬ ತಮಗೊಂದು ಪಾಯಿಜಾಮ ಹೊಲಿಯಲು ಒಪ್ಪಿದ್ದಾನೆ, ಸೊಂಟ ಎಲ್ಲಿಂದ ಶುರುವಾಗುತ್ತದೆಂದು ತಾವೇ ತಿಳಿಸಬೇಕಂತೆ.

ಇತಿ, ಮೈಮೇಲಿನ ಬಟ್ಟೆಯನ್ನು ಇನ್ನೊಂದು ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಿರುವ

ತಮ್ಮ ವಿಶ್ವಾಸಿ,
ನೀಲಕಂಠ

ತಾ.ಕ.: ಅಂದು ತಮ್ಮ ಬಾಯಿಂದ ಎಳೆದ ಕೆಂಪು ಅಂಚನ್ನು ಭಾಗಮ್ಮನವರು ತೊಳೆದು, ಮಡಿಸಿ, ಹೊಲಿದು ತಮ್ಮ ಗಡ್ಡದಡಿಯ ಕೊರಳಿಗೆ ಕಟ್ಟಿದ್ದಾರೆಂದು ಬಂಡಿಯವನು ಹೇಳಿದ. ಮುಚ್ಚಬೇಕಾದ ಜಾಗದಿಂದ ಅದು ಬಹಳ ದೂರವಿದೆ. ಆದರೂ ಆ ಧೋತರ ಕೊನೆಗೂ ಒಬ್ಬ ಗಂಡಸಿನ ಮೈಮೇಲೆ ಬೀಗರ ಮನೆ ಹೊಕ್ಕಿತಲ್ಲ, ಅಷ್ಟೇ ಸಮಾಧಾನ. ದಯವಿಟ್ಟು ಅದನ್ನಾದರೂ ತಿನ್ನಬೇಡಿ.